ಮನೆಯವರ ಕೈಗೆ ಕಾರು: ವಿಮಾ ಪಾಲಿಸಿಯ ‘ಚಾಲಕರ ಷರತ್ತು’ ಏನು ಹೇಳುತ್ತದೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ವರ್ತಕರ ಮನೆಗಳಲ್ಲಿ ಕಾರು ಒಂದೇ ಇದ್ದರೂ ಓಡಿಸುವವರು ಹಲವರಿರುತ್ತಾರೆ. ಬೆಳಿಗ್ಗೆ ಯಜಮಾನರು ಬ್ಯಾಡಗಿ ಅಥವಾ ಹುಬ್ಬಳ್ಳಿ ಮಾರುಕಟ್ಟೆಗೆ ಒಯ್ದ ವಾಹನವನ್ನು ಸಂಜೆ ಮಗನೋ ತಮ್ಮನೋ ಸೊಸೆಯೋ ಚಲಾಯಿಸುವುದುಂಟು. ಆದ್ದರಿಂದ ಪಾಲಿಸಿಯ ನವೀಕರಣದ ವೇಳೆ ಎರಡು ಪ್ರಶ್ನೆಗಳು ಏಳುತ್ತವೆ. ಮನೆಯವರೆಲ್ಲರ ಹೆಸರನ್ನು ಪಾಲಿಸಿಯಲ್ಲಿ ಬರೆಯಿಸಬೇಕೆ? ದುಡುಕಿ ಓಡಿಸುವ ಒಬ್ಬರನ್ನು ಹೊರಗಿಟ್ಟರೆ ಕಂತು ಕಡಿಮೆಯಾಗುವುದೆ?

ಎರಡಕ್ಕೂ ಸಾಮಾನ್ಯವಾಗಿ ‘ಇಲ್ಲ’ ಎಂಬುದೇ ಉತ್ತರ. ಅಮೆರಿಕದ ಹಲವು ರಾಜ್ಯಗಳಲ್ಲಿ ಚಾಲಕನ ವಯಸ್ಸು ಹಾಗೂ ಹಿಂದಿನ ಅಪಘಾತಗಳನ್ನು ನೋಡಿ ಕಂತು ನಿಗದಿಯಾಗುವುದರಿಂದ, ಮನೆಯ ಸದಸ್ಯರೊಬ್ಬರನ್ನು ಹೆಸರಿಸಿ ಹೊರಗಿಡುವ ಪದ್ಧತಿ ಇದೆ. ನಮ್ಮಲ್ಲಿ ಕಂತು ಮುಖ್ಯವಾಗಿ ವಾಹನವನ್ನು ಅವಲಂಬಿಸಿದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ದರಪಟ್ಟಿಯಲ್ಲಿ 1000 ಸಿ.ಸಿ.ವರೆಗಿನ ಖಾಸಗಿ ಕಾರಿಗೆ ರೂ. 2,094, 1000ರಿಂದ 1500 ಸಿ.ಸಿ.ವರೆಗೆ ರೂ. 3,416 ಎಂದು ನಿಗದಿಯಾಯಿತು. ಓಡಿಸುವವರು ಯಾರು ಎಂಬುದು ಈ ಲೆಕ್ಕದಲ್ಲಿ ಬರುವುದಿಲ್ಲ.

ಪರವಾನಗಿಯೇ ಗಡಿ

ಹೆಸರಿಸಲ್ಪಟ್ಟ ವ್ಯಕ್ತಿಯು ವಾಹನ ಚಲಾಯಿಸಬಾರದೆಂಬ ಷರತ್ತಿಗೆ 1988ರ ಮೋಟಾರು ವಾಹನಗಳ ಕಾಯ್ದೆಯಲ್ಲಿ ಅವಕಾಶವಿದೆ. ಹಿಂದೆ 149(2)ನೇ ಕಲಮಿನಲ್ಲಿದ್ದ ಈ ಅಂಶವು 2022ರ ಏಪ್ರಿಲ್ 1ರಿಂದ 150(2)ನೇ ಕಲಮಿನಲ್ಲಿದೆ. ಆದರೆ 2002ರ ಭಾರತೀಯ ಮೋಟಾರು ದರಪಟ್ಟಿಯ ಮಾದರಿ ಪಾಲಿಸಿಯಲ್ಲಿ ಬೇರೆಯೇ ಕ್ರಮವಿದೆ. ವಿಮೆದಾರನೂ ಸೇರಿದಂತೆ ಯಾರು ಬೇಕಾದರೂ ಚಲಾಯಿಸಬಹುದು. ಆದರೆ ಅಪಘಾತದ ವೇಳೆ ಅವರ ಬಳಿ ಊರ್ಜಿತ ಚಾಲನಾ ಪರವಾನಗಿ ಇರಬೇಕು ಮತ್ತು ಅವರು ಅನರ್ಹಗೊಂಡಿರಬಾರದು. ಕಲಿಕಾ ಪರವಾನಗಿ ಉಳ್ಳವರೂ ಓಡಿಸಬಹುದು. ಆದರೆ ಪಕ್ಕದಲ್ಲಿ ಪರವಾನಗಿಯುಳ್ಳ ಬೋಧಕರಿರಬೇಕು, ಮುಂದೆ ಮತ್ತು ಹಿಂದೆ ‘ಎಲ್’ ಫಲಕವಿರಬೇಕು.

ಅಂದರೆ, ಹೆಸರಿನಿಂದ ಯಾರನ್ನೂ ಹೊರಗಿಡದಿದ್ದರೂ ಪರವಾನಗಿ ಇಲ್ಲದ ಮನೆಯವರೆಲ್ಲರೂ ತಾವಾಗಿಯೇ ಹೊರಗುಳಿಯುತ್ತಾರೆ. ಪರವಾನಗಿಯ ಅವಧಿ ಮುಗಿದವರದೂ ಇದೇ ಸ್ಥಿತಿ. ಅವಧಿಯ ನಂತರ ಮೊದಲು ದೊರೆಯುತ್ತಿದ್ದ 30 ದಿನಗಳ ವಿನಾಯಿತಿಯನ್ನು 2019ರ ತಿದ್ದುಪಡಿ ತೆಗೆದುಹಾಕಿದೆ.

ನಷ್ಟ ಯಾರ ತಲೆಗೆ?

ಪರವಾನಗಿ ಇಲ್ಲದವರು ಓಡಿಸುವಾಗ ಅಪಘಾತವಾದರೆ, ಸ್ವಂತ ಕಾರಿನ ದುರಸ್ತಿ ವೆಚ್ಚವನ್ನು ವಿಮಾ ಸಂಸ್ಥೆ ನಿರಾಕರಿಸಬಹುದು. ಗಾಯಾಳುವಿನ ಪರಿಹಾರದ ವಿಷಯ ಬೇರೆ. ಸುಪ್ರೀಂ ಕೋರ್ಟು 2004ರ ಜನವರಿ 5ರ ತೀರ್ಪಿನಲ್ಲಿ, ಷರತ್ತಿನ ಉಲ್ಲಂಘನೆಯಲ್ಲಿ ಮಾಲೀಕನ ನಿರ್ಲಕ್ಷ್ಯವಿತ್ತೆಂದು ವಿಮಾ ಸಂಸ್ಥೆಯೇ ಸಿದ್ಧಪಡಿಸಬೇಕೆಂದಿತು. ಸಿದ್ಧಪಟ್ಟರೂ, ಮೊದಲು ಸಂತ್ರಸ್ತರಿಗೆ ಹಣ ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಮಂಡಳಿ ಆದೇಶಿಸಬಹುದು. ಗಾಯಾಳುವಿಗೆ ರಕ್ಷಣೆ ದೊರೆಯುತ್ತದೆ, ಮಾಲೀಕನಿಗೆ ದೊರೆಯುವುದಿಲ್ಲ.

ಅಪ್ರಾಪ್ತ ವಯಸ್ಸಿನ ಮಕ್ಕಳ ಕೈಗೆ ಕೀಲಿಕೈ ಕೊಡುವುದು ಇನ್ನೂ ಗಂಭೀರವಾದುದು. 199-ಎ ಕಲಮಿನಡಿ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 25,000 ದಂಡವಿದೆ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು.

ಓಡಿಸಿದವರಿಗೇ ಪೆಟ್ಟಾದರೆ

ಇಳಕಲ್-ಕುಷ್ಟಗಿ ಹೆದ್ದಾರಿಯಲ್ಲಿ, ಬೇರೊಬ್ಬರಿಂದ ಪಡೆದ ಮೋಟಾರ್ ಸೈಕಲ್ ಎತ್ತಿನ ಗಾಡಿಗೆ ಬಡಿದು ಸವಾರ ಮೃತಪಟ್ಟ ಪ್ರಕರಣವು 2009ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಾಹನವನ್ನು ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ. ಆದ್ದರಿಂದ ಆಗಿನ 163-ಎ ಕಲಮಿನಡಿ ಅವನ ವಾರಸುದಾರರಿಗೆ ಪರಿಹಾರ ಸಲ್ಲದು ಎಂಬುದು ನ್ಯಾಯಾಲಯದ ಅಭಿಪ್ರಾಯ. ತಂದೆಯ ಕಾರನ್ನು ಓಡಿಸುವ ಮಗನೂ ಇದನ್ನು ನೆನಪಿಡಬೇಕು. ರೂ. 15 ಲಕ್ಷದ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆಯು ಪರವಾನಗಿಯುಳ್ಳ ಮಾಲೀಕ-ಚಾಲಕನಿಗೆ ಮಾತ್ರ ಅನ್ವಯಿಸುತ್ತದೆ. ಉಳಿದವರಿಗೆ ಬೇರೆ ರಕ್ಷಣೆ ಪಡೆಯಬೇಕು.

ಸಂಸ್ಥೆಯ ಹೆಸರಿನಲ್ಲಿ ಕಾರಿದ್ದರೆ

ಕಾರು ಪಾಲುದಾರಿಕೆ ಸಂಸ್ಥೆಯ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಮಾಲೀಕ-ಚಾಲಕ ವಿಮೆ ದೊರೆಯುವುದೇ ಇಲ್ಲ. ಹಾನಗಲ್ಲಿನ ಮಾವಿನ ವ್ಯಾಪಾರದ ಸಂಸ್ಥೆಯೊಂದರ ಕಾರನ್ನು ಪಾಲುದಾರರೊಬ್ಬರ ಮಗ ಪರವಾನಗಿ ಇಲ್ಲದೆ ಓಡಿಸಿ ಅಪಘಾತವಾಯಿತೆಂದು ಭಾವಿಸೋಣ. ವಸೂಲಾತಿಯ ಆದೇಶ ಬರುವುದು ಸಂಸ್ಥೆಯ ಮೇಲೆ. ಪಾಲುದಾರರ ಹೊಣೆ ಅಪರಿಮಿತವಾದುದರಿಂದ ಆ ಭಾರ ಇತರ ಪಾಲುದಾರರ ಮನೆ, ಹೊಲಗಳವರೆಗೂ ತಲುಪಬಹುದು. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ಖರ್ಚೆಂದು ಕಳೆಯಲೂ ಬರುವುದಿಲ್ಲ.

ನವೀಕರಣಕ್ಕೆ ಮುನ್ನ ಗಮನಿಸಬೇಕಾದವು

1. ಕಾರು ಓಡಿಸುವ ಪ್ರತಿಯೊಬ್ಬರ ಪರವಾನಗಿಯ ಪ್ರತಿಯನ್ನು, ಅವಧಿ ಮುಗಿಯುವ ದಿನಾಂಕದೊಂದಿಗೆ, ಪಾಲಿಸಿಯ ಕಡತದಲ್ಲಿ ಇಡಬೇಕು.

2. ಪಾಲಿಸಿಯಲ್ಲಿ ‘ಚಾಲಕರ ಷರತ್ತು’ ಇರುವ ಭಾಗವನ್ನು ಓದಿ, ಹೆಸರಿಸಿ ಹೊರಗಿಟ್ಟ ಷರತ್ತೇನಾದರೂ ಇದೆಯೇ ಎಂದು ನೋಡಬೇಕು.

3. ಮನೆಯವರಿಗಾಗಿ ಹೆಸರಿಸದ ಪ್ರಯಾಣಿಕರ ಅಪಘಾತ ವಿಮೆಯನ್ನೂ, ಸಂಬಳದ ಚಾಲಕನಿದ್ದರೆ ಅವನ ಬಗೆಗಿನ ಕಾನೂನುಬದ್ಧ ಹೊಣೆಯ ವಿಮೆಯನ್ನೂ ಕೇಳಿ ಸೇರಿಸಿಕೊಳ್ಳಬೇಕು.

4. ಸಂಸ್ಥೆಯ ಕಾರನ್ನು ಯಾರು ಓಡಿಸಬಹುದೆಂಬುದನ್ನು ಪಾಲುದಾರರು ಬರಹದಲ್ಲಿ ನಿರ್ಧರಿಸಬೇಕು.

ಚೆಕ್ ಪುಸ್ತಕವನ್ನು ಯಾರ ಕೈಗೆ ಕೊಡಬೇಕೆಂದು ವರ್ತಕರು ಯೋಚಿಸಿಯೇ ನಿರ್ಧರಿಸುತ್ತಾರೆ. ಕಾರಿನ ಕೀಲಿಕೈಯ ವಿಷಯದಲ್ಲಿಯೂ ಅಷ್ಟೇ ಎಚ್ಚರ ವಹಿಸಬೇಕು. ಯಾರನ್ನು ಹೊರಗಿಡಬೇಕೆಂಬುದನ್ನು ಪಾಲಿಸಿಗೆ ಬಿಡದೆ ಮಾಲೀಕರೇ ನಿರ್ಧರಿಸುವುದು ಕ್ಷೇಮಕರ.