ಬೇಲಿಯ ಹಣ್ಣು
ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನ ಹಳ್ಳಿಗಳಲ್ಲಿ ಬ್ಲ್ಯಾಕ್‌ಬೆರಿ

ಉತ್ತು ಬಿತ್ತಿ ಬೆಳೆದ ಪೈರಿನ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಬೇಲಿಯಲ್ಲಿ ತಾನಾಗಿ ಬೆಳೆದುದರ ಲೆಕ್ಕವನ್ನು ಇಡುವವರು ವಿರಳ. ಆದರೂ ಗ್ರಾಮದ ಬಡ ಕುಟುಂಬಗಳ ಜೀವನದಲ್ಲಿ ಈ ಎರಡನೆಯ ಬೆಳೆಗೂ ಒಂದು ಸ್ಥಾನವುಂಟು. ವಿಕ್ಟೋರಿಯಾ ರಾಣಿಯು ಆಳಿದ ೧೮೩೭ರಿಂದ ೧೯೦೧ರವರೆಗಿನ ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗರು ಬ್ಲ್ಯಾಕ್‌ಬೆರಿ ಎಂಬ ಕಾಡುಹಣ್ಣನ್ನು ಹೇಗೆ ಬಳಸುತ್ತಿದ್ದರು, ಅದರಿಂದ ಭೂಮಾಲಿಕನಿಗೂ ಕೂಲಿಕಾರನಿಗೂ ನಡುವೆ ಯಾವ ಪ್ರಶ್ನೆಗಳು ಎದ್ದವು ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಅರಿತರೆ ಪ್ರಯೋಜನವಾದೀತೆಂದು ಇಲ್ಲಿ ಸಂಗ್ರಹವಾಗಿ ಬರೆದಿದೆ.

ಗಿಡದ ಸ್ವರೂಪ

ಬ್ಲ್ಯಾಕ್‌ಬೆರಿಯು ಬ್ರಾಂಬಲ್ ಎಂಬ ಮುಳ್ಳುಪೊದೆಯ ಹಣ್ಣು. ಇದೇ ಕುಲಕ್ಕೆ ಸೇರಿದ ಕಾಡುಗಿಡಗಳು ನಮ್ಮ ಸಹ್ಯಾದ್ರಿಯ ಎತ್ತರದ ಗುಡ್ಡಗಳಲ್ಲಿಯೂ ಇರುತ್ತವೆ. ಇದರ ಬೇರು ಬಹುಕಾಲ ಬದುಕುವುದಾದರೂ ಬಳ್ಳಿಯಂತಹ ಕಾಂಡದ ಆಯುಸ್ಸು ಎರಡೇ ವರ್ಷ. ಮೊದಲನೆಯ ವರ್ಷ ಕಾಂಡವು ಉದ್ದವಾಗಿ ಬೆಳೆಯುತ್ತದೆ. ಎರಡನೆಯ ವರ್ಷ ಅದರ ಪಕ್ಕದ ರೆಂಬೆಗಳು ಹೂಬಿಟ್ಟು ಫಲಿಸಿ, ಬಳಿಕ ಕಾಂಡವು ಒಣಗುತ್ತದೆ. ಬಾಗಿದ ಕಾಂಡದ ತುದಿ ನೆಲವನ್ನು ಮುಟ್ಟಿದರೆ ಅಲ್ಲಿಯೇ ಬೇರುಬಿಟ್ಟು ಹೊಸ ಗಿಡವಾಗುತ್ತದೆ. ಆದಕಾರಣ ಈ ಪೊದೆಯು ದನಕರುಗಳನ್ನು ತಡೆಯುವುದಾದರೂ, ಕಾಲಕಾಲಕ್ಕೆ ಸವರದಿದ್ದರೆ ಬೇಲಿಯ ಗಿಡಗಳನ್ನೇ ಮುಚ್ಚಿ ಹೊಲದೊಳಕ್ಕೆ ನುಗ್ಗುವುದು. ಹಣ್ಣು ಮೊದಲು ಹಸುರಾಗಿಯೂ ಆಮೇಲೆ ಕೆಂಪಾಗಿಯೂ ಇದ್ದು, ಪಕ್ವವಾದಾಗ ನೇರಳೆಯಂತೆ ಕಪ್ಪಾಗುತ್ತದೆ. ಗೊಂಚಲಿನ ತುದಿಯ ಹಣ್ಣು ಮೊದಲು ಮಾಗುವುದು. ಅದೇ ಹೆಚ್ಚು ಸಿಹಿಯಾದುದು.

ಬೇಲಿಗಳು ಹೆಚ್ಚಿದ ಬಗೆ

ಇಂಗ್ಲೆಂಡಿನಲ್ಲಿ ಊರವರು ಒಟ್ಟಾಗಿ ಅನುಭವಿಸುತ್ತಿದ್ದ ಬಯಲುಗಳನ್ನೂ ಗೋಮಾಳಗಳನ್ನೂ ವಿಂಗಡಿಸಿ, ಬೇಲಿ ಹಾಕಿ, ಒಬ್ಬೊಬ್ಬರ ವಶಕ್ಕೆ ಕೊಡುವ ಕಾನೂನುಗಳು ೧೬೦೪ರಿಂದ ೧೯೧೪ರವರೆಗೆ ೫,೨೦೦ಕ್ಕೂ ಹೆಚ್ಚಾಗಿ ಆದವು. ಇವುಗಳಿಗೆ ಒಳಪಟ್ಟ ಭೂಮಿ ಸುಮಾರು ೬೮ ಲಕ್ಷ ಎಕರೆ. ಇವುಗಳಲ್ಲಿ ಬಹುಭಾಗವು ೧೭೫೦ರಿಂದ ೧೮೫೦ರವರೆಗಿನ ನೂರು ವರ್ಷಗಳಲ್ಲಿ ಆಯಿತು. ಎಲ್ಲೆಗಳಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡವನ್ನು ಸಾಲಾಗಿ ನೆಟ್ಟರು. ಹಕ್ಕಿಗಳು ತಂದುಹಾಕಿದ ಬೀಜದಿಂದ ಅದರ ಬುಡದಲ್ಲಿ ಬ್ರಾಂಬಲ್ ಹುಟ್ಟಿಕೊಂಡಿತು. ದನ ಮೇಯಿಸುವ, ಸೌದೆ ಆರಿಸುವ ಹಳೆಯ ಅನುಕೂಲಗಳನ್ನು ಕಳೆದುಕೊಂಡ ಬಡವನಿಗೆ, ಅವನನ್ನು ಹೊರಗಿಟ್ಟ ಬೇಲಿಯೇ ವರ್ಷಕ್ಕೊಮ್ಮೆ ಹಣ್ಣು ಕೊಡುವಂತಾಯಿತು.

ಮನೆಯ ಬಳಕೆ

ಜೇಮ್ಸ್ ಕೇರ್ಡ್ ಎಂಬುವರು ೧೮೫೦–೫೧ರಲ್ಲಿ ಮಾಡಿದ ವಿಚಾರಣೆಯಂತೆ ಕೃಷಿ ಕೂಲಿಕಾರನ ವಾರದ ಕೂಲಿ ಸರಾಸರಿ ೯ ಷಿಲ್ಲಿಂಗ್ ೬ ಪೆನ್ಸ್. ದಕ್ಷಿಣದ ಜಿಲ್ಲೆಗಳಲ್ಲಿ ಇದಕ್ಕಿಂತಲೂ ಕಡಿಮೆ. ಇಷ್ಟರಲ್ಲಿ ಸಂಸಾರ ನಡೆಯಬೇಕಾದುದರಿಂದ ಬಿಟ್ಟಿಯಾಗಿ ದೊರೆತ ಹಣ್ಣನ್ನು ಯಾರೂ ಬಿಡುತ್ತಿರಲಿಲ್ಲ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ದಿನಗಳವರೆಗೆ ಹೆಂಗಸರೂ ಮಕ್ಕಳೂ ಬುಟ್ಟಿಗಳನ್ನೂ, ಕಾಂಡವನ್ನು ಎಳೆದುಕೊಳ್ಳಲು ಕೊಕ್ಕೆಯ ಕೋಲುಗಳನ್ನೂ ಹಿಡಿದು ಹೊರಡುತ್ತಿದ್ದರು. ಹಣ್ಣನ್ನು ಸೇಬಿನೊಡನೆ ಹಿಟ್ಟಿನಲ್ಲಿಟ್ಟು ಬೇಯಿಸುವುದು, ಮದ್ಯಕ್ಕೆ ಹಾಕುವುದು, ಕೆಮ್ಮಿಗೆ ಪಾನಕ ಕಾಯಿಸುವುದು ರೂಢಿಯಲ್ಲಿತ್ತು. ಒಗರಾದ ಎಲೆಯ ಕಷಾಯವನ್ನು ಅತಿಸಾರಕ್ಕೆ ಕುಡಿಸುತ್ತಿದ್ದರು. ಮುಳ್ಳು ತೆಗೆದು ಸೀಳಿದ ಕಾಂಡದಿಂದ ಹುಲ್ಲಿನ ಸಿಂಬೆಗಳನ್ನು ಬಿಗಿದು ಜೇನುಗೂಡುಗಳನ್ನು ಹೆಣೆಯುತ್ತಿದ್ದರು.

ಎರಡು ಕಡೆಯೂ ಬೇರುಬಿಟ್ಟು ಕಮಾನಾದ ಕಾಂಡದ ಕೆಳಗೆ ಮಗುವನ್ನು ನುಸುಳಿಸಿದರೆ ನಾಯಿಕೆಮ್ಮು ವಾಸಿಯಾಗುವುದೆಂಬ ನಂಬಿಕೆ ಹಲವೆಡೆ ಇದ್ದಿತು, ಇದಕ್ಕೆ ಆಧಾರವಿಲ್ಲ. ಸೆಪ್ಟೆಂಬರ್ ೨೯ರ ಸಂತ ಮೈಕೇಲನ ಹಬ್ಬದ ನಂತರ ಸೈತಾನನು ಹಣ್ಣನ್ನು ಕೆಡಿಸುವನೆಂಬ ಮಾತಿನಲ್ಲಿ ಮಾತ್ರ ಸ್ವಲ್ಪ ಅನುಭವ ಅಡಗಿದೆ. ಹೇಗೆಂದರೆ, ಆ ವೇಳೆಗೆ ಥಂಡಿಯೂ ತೇವವೂ ಹೆಚ್ಚಿ ಹಣ್ಣು ನೀರಾಗಿ ಬೂಷ್ಟು ಹಿಡಿಯುತ್ತದೆ.

ಸಕ್ಕರೆಯ ಸುಂಕ

ಹಣ್ಣು ಬಿಟ್ಟಿಯಾದರೂ ಅದನ್ನು ಕೆಡದಂತೆ ಇಡಲು ಸಕ್ಕರೆ ಬೇಕು. ೧೮೭೪ರಲ್ಲಿ ಬ್ರಿಟಿಷ್ ಸರ್ಕಾರದವರು ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿದರು. ಜ್ಯಾಮ್ ಎಂಬ ಹಣ್ಣಿನ ಪಾಕವು ಬಡವರ ರೊಟ್ಟಿಯ ಮೇಲೂ ಬರಲು ಇದು ಮುಖ್ಯ ಕಾರಣ. ಹಾರ್ಟ್‌ಲಿಯವರು ೧೮೭೧ರಲ್ಲಿಯೂ, ಕೇಂಬ್ರಿಜ್ ಸೀಮೆಯ ಚಿವರ್ಸ್ ಮನೆತನದವರು ೧೮೭೩ರಲ್ಲಿಯೂ ಜ್ಯಾಮ್ ತಯಾರಿಕೆಯನ್ನು ಆರಂಭಿಸಿದ್ದರು. ರೈಲಿನ ಅನುಕೂಲವೂ ಸೇರಿ, ಮನೆಯ ಬಳಕೆಗೆ ಮೀರಿದ ಹಣ್ಣಿಗೆ ಪಟ್ಟಣದಲ್ಲಿ ಗಿರಾಕಿ ದೊರೆಯುವಂತಾಯಿತು. ಮಕ್ಕಳು ಹೀಗೆ ಗಳಿಸಿದ ಪುಡಿಗಾಸು ಚಳಿಗಾಲಕ್ಕೆ ಬೇಕಾದ ಜೋಡಿಗೋ ಬಟ್ಟೆಗೋ ಒದಗುತ್ತಿತ್ತು.

ಶಾಲೆಯ ಹಾಜರಿ

೧೮೬೨ರ ನಿಯಮಗಳಂತೆ ಶಾಲೆಯ ಸಹಾಯಧನವು ಮಕ್ಕಳ ಹಾಜರಿಯನ್ನೂ ಪರೀಕ್ಷೆಯ ಫಲವನ್ನೂ ಅವಲಂಬಿಸಿತ್ತು. ೧೮೮೦ರಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ಶಾಲೆ ಕಡ್ಡಾಯವಾಯಿತು. ಹಣ್ಣಿನ ಕಾಲದಲ್ಲಿ ಮಕ್ಕಳು ಬೇಲಿಗೆ ಹೋದರೆ ಉಪಾಧ್ಯಾಯರಿಗೆ ನಷ್ಟ, ಶಾಲೆಗೆ ಹೋದರೆ ತಾಯಿಗೆ ನಷ್ಟ. ಬ್ಲ್ಯಾಕ್‌ಬೆರಿಗಾಗಿ ಮಕ್ಕಳು ಗೈರುಹಾಜರಾದರೆಂಬ ಬರವಣಿಗೆ ಆ ಕಾಲದ ಗ್ರಾಮಶಾಲೆಗಳ ದಿನಚರಿಗಳಲ್ಲಿ ಮತ್ತೆಮತ್ತೆ ಕಾಣುತ್ತದೆ. ಮುಂದೆ ೧೯೧೮ರಲ್ಲಿ, ಮಹಾಯುದ್ಧದ ಸಮಯದಲ್ಲಿ, ಸೈನಿಕರ ಜ್ಯಾಮಿಗಾಗಿ ಸರ್ಕಾರದವರೇ ಶಾಲೆಯ ಮಕ್ಕಳಿಂದ ಈ ಹಣ್ಣನ್ನು ಕೀಳಿಸಿದರು. ಹಿಂದೆ ತಪ್ಪೆನಿಸಿದ ಕೆಲಸವೇ ಏರ್ಪಾಡಿನಿಂದ ದೇಶಸೇವೆಯಾಯಿತು.

ಹಕ್ಕಿನ ಪ್ರಶ್ನೆ

ಬೇಲಿಯು ಮಾಲಿಕನದು, ಹಣ್ಣು ಯಾರದು? ೧೮೬೧ರ ಕಳವಿನ ಕಾನೂನು ತೋಟ ಮೊದಲಾದ ಕಡೆ ಬೆಳೆಸಿದ ಹಣ್ಣನ್ನು ಕದ್ದವರಿಗೆ ಶಿಕ್ಷೆ ವಿಧಿಸಿತು. ತಾನಾಗಿ ಬೆಳೆದುದರ ಮಾತು ಬೇರೆ. ಪರರ ಹೊಲದಲ್ಲಿ ತಾನಾಗಿ ಹುಟ್ಟಿದ ಅಣಬೆಯನ್ನು ಕೀಳುವುದು ಆಸ್ತಿಹಾನಿಯ ಕಾನೂನಿನ ಮೇರೆಗೆ ಅಪರಾಧವಲ್ಲವೆಂದು ೧೮೮೭ರಲ್ಲಿ ನ್ಯಾಯಾಧೀಶರು ತೀರ್ಪಿತ್ತರು. ಆದರೆ ಅಪ್ಪಣೆಯಿಲ್ಲದೆ ಪರರ ಜಮೀನನ್ನು ಪ್ರವೇಶಿಸಿದವರನ್ನು ಹೊರಗೆ ಕಳುಹಿಸಲು ಮಾಲಿಕನಿಗೆ ಅಧಿಕಾರವಿದ್ದೇ ಇತ್ತು. ಬೇಟೆಗಾಗಿ ಹಕ್ಕಿಗಳನ್ನು ಸಾಕಿದ ಕಾಡುಗಳ ಕಾವಲುಗಾರರು ಹಣ್ಣು ಕೀಳುವವರನ್ನು ಸಹಿಸುತ್ತಿರಲಿಲ್ಲ. ಬೇಲಿ ಮುರಿದೀತು, ಬಾಗಿಲು ತೆರೆದುಬಿಟ್ಟು ದನ ಹೊರಬಿದ್ದೀತು ಎಂಬ ರೈತನ ಭಯವೂ ನ್ಯಾಯವಾದುದೇ.

ಹೊಲದಲ್ಲಿ ಹಕ್ಕಲಾಯುವುದು ಬಡವರ ಹಕ್ಕಲ್ಲವೆಂದು ಅಲ್ಲಿನ ನ್ಯಾಯಾಲಯ ೧೭೮೮ರಲ್ಲಿಯೇ ಹೇಳಿದ್ದರೂ ಆ ಪದ್ಧತಿ ಮುಂದಿನ ನೂರು ವರ್ಷವೂ ಉಳಿಯಿತು. ಹಣ್ಣಿನ ವಿಷಯದಲ್ಲಿಯೂ ದಾರಿಯ ಬದಿಯ ಬೇಲಿ ಎಲ್ಲರದೆಂಬುದೇ ಊರಿನ ನಡತೆಯಾಗಿತ್ತು.

ಗ್ರಹಿಸತಕ್ಕ ವಿಷಯ

ಮಾಲಿಕನ ಲೆಕ್ಕದಲ್ಲಿ ಸೊನ್ನೆಯಾದ ವಸ್ತು ಕೂಲಿಕಾರನ ಮನೆಯಲ್ಲಿ ಒಂದು ತಿಂಗಳ ಆಸರೆಯಾಗಬಹುದು. ಬೇಲಿಯನ್ನು ಸವರುವ ಮುನ್ನ ಅದರಲ್ಲಿ ಏನು ಫಲಿಸುತ್ತದೆ, ಅದನ್ನು ಯಾರು ಆರಿಸುತ್ತಾರೆ ಎಂದು ವಿಚಾರಿಸುವುದು ಒಳ್ಳೆಯದು. ಯಾವ ದಾರಿಯಿಂದ ಬರಬೇಕು, ಯಾವ ಗಿಡ ಮುಟ್ಟಬಾರದು, ಬಾಗಿಲನ್ನು ಯಾರು ಮುಚ್ಚಬೇಕು ಎಂಬುದನ್ನು ಹಣ್ಣಿನ ಕಾಲಕ್ಕೆ ಮೊದಲೇ ಊರವರೊಡನೆ ಮಾತನಾಡಿ ಗೊತ್ತುಮಾಡಿದರೆ ಬೇಲಿಯೂ ಉಳಿಯುವುದು, ವ್ಯಾಜ್ಯವೂ ತಪ್ಪುವುದು.