ಬೇಲಿ ದಾಟಿದ ಐವಿ

ಪೋರ್ಟ್‌ಲ್ಯಾಂಡ್‌ನ ಥರ್ಮನ್ ಬೀದಿಯ ಸೇತುವೆಯಡಿ ಬಂದರೆ ಪೇಟೆಯ ಗದ್ದಲ ಮೇಲೆಯೇ ಉಳಿದುಬಿಡುತ್ತದೆ. ಎದುರಿಗೆ ಬಾಲ್ಚ್ ತೊರೆ, ಅದರ ಮಗ್ಗುಲಲ್ಲೇ ಮೆಕ್ಲೇ ಪಾರ್ಕಿನ ಕಾಲುದಾರಿ. ಅಮೆರಿಕದ ಆರೆಗಾನ್ ರಾಜ್ಯದ ಈ ಊರು ತನ್ನ ಎಲ್ಲೆಯೊಳಗೇ 5,200 ಎಕರೆಗಳಷ್ಟು ಕಾಡು ಉಳಿಸಿಕೊಂಡಿದೆ. ಅದರ ಹೆಸರು ಫಾರೆಸ್ಟ್ ಪಾರ್ಕ್. ಈ ಕಣಿವೆಯ ಡಗ್ಲಸ್ ಫರ್ ಮರವೊಂದು ಸುಮಾರು 240 ಅಡಿ ಎತ್ತರವಿದೆ. ಅದನ್ನು ಕತ್ತೆತ್ತಿ ನೋಡಿದವರು ಒಮ್ಮೆ ನೆಲವನ್ನೂ ನೋಡಬೇಕು.

ದಾರಿಯ ಒಂದು ಬದಿಯಲ್ಲಿ ಸೊಂಟದೆತ್ತರದ ಜರಿಗಿಡಗಳು, ನಡುನಡುವೆ ಪಾಚಿ, ಬಿದ್ದ ಮರದ ಮೇಲೆ ಚಿಗುರಿದ ಸಸಿಗಳು. ಇನ್ನೊಂದು ಬದಿಯ ಇಳಿಜಾರಿನಲ್ಲಿ ಒಂದೇ ಗಿಡ, ಐವಿ ಎಂಬ ಬಳ್ಳಿ. ಮಿರುಗುವ ಗಾಢ ಹಸಿರೆಲೆ, ನೋಡಲು ಚೆಂದ. ಕೈಹಾಕಿ ಒಂದು ಎಳೆ ಎತ್ತಿದರೆ ಗೆಣ್ಣುಗೆಣ್ಣಿಗೂ ಬೇರು, ಅಡಿಯಲ್ಲಿ ಬೋಳು ಮಣ್ಣು. ಚಳಿಗಾಲದಲ್ಲಿ ಮೇಪಲ್ ಎಲೆ ಉದುರಿಸಿದಾಗ ನೆಲಕ್ಕೆ ಬೆಳಕು ಬೀಳುತ್ತದೆ. ಮರ ಮತ್ತೆ ಚಿಗುರುವ ಮೊದಲು, ಆ ಬೆಳಕನ್ನು ನಂಬಿ ಟ್ರಿಲಿಯಂನಂಥ ಕಾಡುಹೂಗಳು ಏಳುತ್ತವೆ. ವರ್ಷವಿಡೀ ಎಲೆ ಹೊತ್ತ ಐವಿ ಆ ಬೆಳಕನ್ನೂ ಬಿಡುವುದಿಲ್ಲ.

ಇದು ಬಂದದ್ದು ಎಲ್ಲಿಂದ? ಕಣಿವೆಯ ನೆತ್ತಿಯಲ್ಲಿ ಮನೆಗಳು ಕಾಣುತ್ತವೆ. ಹುಲ್ಲು ಬಾರದ ನೆರಳಿಗೆ, ಕಡಿದಾದ ಹಿತ್ತಿಲಿಗೆ ಐವಿಗಿಂತ ಸುಲಭದ ಗಿಡವಿಲ್ಲ ಎಂದು ಜನ ದಶಕಗಳ ಕಾಲ ನೆಟ್ಟರು. ನೀರು ಬೇಡ, ಗೊಬ್ಬರ ಬೇಡ, ಚಳಿಯಲ್ಲೂ ಹಸಿರು. ಕೊಳ್ಳುವಾಗ ಮೆಚ್ಚಿದ ಈ ಗುಣಗಳೇ ಕಾಡಿಗೆ ಮುಳುವಾದವು. ನೆಲದಲ್ಲಿ ಹರಿದಾಡುವಾಗ ಐವಿ ಹೂ ಬಿಡುವುದಿಲ್ಲ. ಮರವೇರಿ ಬೆಳಕು ಕಂಡಮೇಲೆ ಅದರ ಎಲೆಯ ಆಕಾರವೇ ಬದಲಾಗುತ್ತದೆ, ಶರತ್ಕಾಲದಲ್ಲಿ ಹೂವು, ಆಮೇಲೆ ಕಪ್ಪು ಹಣ್ಣು. ಹಕ್ಕಿಗಳು ತಿಂದು ಬೀಜವನ್ನು ದೂರದ ಕಾಡಿಗೆ ಒಯ್ಯುತ್ತವೆ. ಅಂಗಳದ ಅಂಚನ್ನು ಚೊಕ್ಕವಾಗಿ ಕತ್ತರಿಸುವ ಮನೆಯೊಡೆಯರಿಗೆ ಇದು ತಿಳಿಯುವುದೇ ಇಲ್ಲ.

ಐವಿ ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ನಿಜ. ಅದರ ಭಾರವೇ ಸಾಕು. ಎಲೆಯುದುರಿದ ಮರದ ಕೊಂಬೆಗಳ ನಡುವೆ ಗಾಳಿ ಸಲೀಸಾಗಿ ನುಗ್ಗಿ ಹೋಗಬೇಕು. ಐವಿ ಹಬ್ಬಿದ ಮರ ಮಾತ್ರ ಹಾಯಿ ಬಿಚ್ಚಿದ ದೋಣಿಯಂತೆ ಬಿರುಗಾಳಿಗೆ ಸಿಕ್ಕಿ ಉರುಳುತ್ತದೆ. ಮಣ್ಣು ಹಿಡಿಯುತ್ತದೆ ಎಂಬ ನಂಬಿಕೆಯೂ ಪೊಳ್ಳು. ಇದರ ಬೇರು ಮೇಲುಮೇಲಿನದು, ಆಳಕ್ಕೆ ಬೇರಿಳಿಸುವ ಗಿಡಗಳನ್ನು ಇದೇ ಅಳಿಸಿರುತ್ತದೆ. ಪೊದೆಯಡಿ ಇಲಿಗಳಿಗೆ ಬಿಡಾರ ಸಿಗುತ್ತದೆ. ಕೀಳಹೋದರೆ ಅದರ ರಸ ತಾಗಿ ಕೆಲವರಿಗೆ ಚರ್ಮ ತುರಿಸಿ ಕೆಂಪಾಗುತ್ತದೆ.

ಮೇಲೇರಿದಂತೆ ಕೆಲವು ಕಾಂಡಗಳಲ್ಲಿ ಒಣಗಿ ಕಂದಾದ ಬಳ್ಳಿಗಳು ನೇತಾಡುತ್ತಿವೆ. 1994ರಲ್ಲಿ ಶುರುವಾದ ‘ನೋ ಐವಿ ಲೀಗ್’ ಎಂಬ ಕಾರ್ಯಕ್ರಮದಂಥ ಕೆಲಸಗಳ ಗುರುತು ಇದು. ಸ್ವಯಂಸೇವಕರು ಎದೆಮಟ್ಟದಲ್ಲಿ ಮರದ ಸುತ್ತ ಬಳ್ಳಿ ಕತ್ತರಿಸಿ, ಬುಡದ ಸುತ್ತಲಿನ ನೆಲದಲ್ಲಿರುವುದನ್ನೂ ಬೇರುಸಹಿತ ಕೀಳುತ್ತಾರೆ. ಮೇಲಿನದನ್ನು ಎಳೆಯದೆ ಅಲ್ಲೇ ಒಣಗಲು ಬಿಡುತ್ತಾರೆ. ಎಳೆದರೆ ಒಣಕೊಂಬೆ ತಲೆಯ ಮೇಲೆ ಬೀಳಬಹುದು. ಉಳಿದ ಚೂರು ಮತ್ತೆ ಚಿಗುರುವುದರಿಂದ ಅದೇ ಜಾಗಕ್ಕೆ ಮತ್ತೆ ಮತ್ತೆ ಬರಬೇಕು. ಆರೆಗಾನ್ 2010ರಲ್ಲಿ ಐವಿಯ ಮಾರಾಟವನ್ನೇ ನಿಷೇಧಿಸಿತು. ಹಳೆಯ ಹಿತ್ತಿಲುಗಳಲ್ಲಿ ನೆಟ್ಟದ್ದು ಮಾತ್ರ ಇನ್ನೂ ಹಬ್ಬುತ್ತಲೇ ಇದೆ.

ಪಕ್ಕದ ಹಿಲ್ಸ್‌ಬರೋ, ಬೀವರ್ಟನ್‌ಗಳಲ್ಲಿ ಕನ್ನಡದ ಕುಟುಂಬಗಳಿವೆ. ಹಳೆಯ ಮನೆ ಕೊಂಡರೆ ಹಿತ್ತಿಲಿನ ಐವಿಯೂ ಜೊತೆಗೆ ಬರಬಹುದು. ಮೊದಲು ಮರವೇರಿದ ಬಳ್ಳಿಯನ್ನು ಕತ್ತರಿಸಿ, ಹಣ್ಣು ನಿಲ್ಲುವುದು ಅದರಿಂದಲೇ. ಕನ್ನಡ ನಾಡಿನಲ್ಲಿರುವವರಿಗೂ ಒಂದು ಮಾತು. ನಮ್ಮ ನರ್ಸರಿಗಳಲ್ಲಿ ನೆಲ ಮುಚ್ಚಲೆಂದು ಮಾರುವ ಹಳದಿ ಹೂವಿನ ವೆಡೇಲಿಯಾ, ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಅದೂ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ದಯವಿಟ್ಟು ಅದನ್ನು ನೆಡಬೇಡಿ. ತೇವದ ನೆರಳಿದ್ದರೆ ಒಂದೆಲಗ ಹಾಕಿ. ನೆಲವೂ ಮುಚ್ಚುತ್ತದೆ, ತಂಬುಳಿಯೂ ಆಗುತ್ತದೆ.