ವಿಮಾನಪುರದ ದುರಸ್ತಿಶಾಲೆ

ಯುದ್ಧವಿಮಾನವೊಂದು ಆಕಾಶದಲ್ಲಿ ಕಳೆಯುವ ಪ್ರತಿಯೊಂದು ಗಂಟೆಗೂ ನೆಲದ ಮೇಲೆ ಅದನ್ನು ಬಿಚ್ಚಿ, ತೊಳೆದು, ಪರೀಕ್ಷಿಸಿ ಮರಳಿ ಜೋಡಿಸುವ ಅನೇಕ ಕೈಗಳ ಅನೇಕ ಗಂಟೆಗಳ ದುಡಿಮೆಯ ಋಣವಿರುತ್ತದೆ. ಈ ದುಡಿಮೆಯ ಭಾರವನ್ನು ಸೈನ್ಯವೇ ಹೊರಬೇಕೆ, ಸರ್ಕಾರದ ಕಾರ್ಖಾನೆಗಳಿಗೆ ಒಪ್ಪಿಸಬೇಕೆ, ಖಾಸಗಿ ಉದ್ಯಮಕ್ಕೂ ಅದರಲ್ಲಿ ಪಾಲು ಕೊಡಬೇಕೆ ಎಂಬ ಜಿಜ್ಞಾಸೆ ಈಚೆಗೆ ನಮ್ಮ ದೇಶದಲ್ಲಿ ಮತ್ತೆ ತಲೆಯೆತ್ತಿದೆ. ಇದನ್ನು ತೀರ ಹೊಸ ಪ್ರಶ್ನೆಯೆಂಬಂತೆ ಚರ್ಚಿಸುವವರು ಬೆಂಗಳೂರಿನ ಪೂರ್ವಕ್ಕಿರುವ ವಿಮಾನಪುರದ ಕಡೆ ಒಮ್ಮೆ ತಿರುಗಿ ನೋಡಬೇಕೆಂಬುದು ನನ್ನ ಬಿನ್ನಹ. ರಾಜ್ಯದ ಭೂಮಿ, ವರ್ತಕನ ಬಂಡವಾಳ, ವಿದೇಶದ ಯಂತ್ರಜ್ಞಾನ ಮೂರೂ ಒಂದೆಡೆ ಕೂಡಿದಾಗ ಏನಾಗುತ್ತದೆಂಬ ಪ್ರಯೋಗ ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಅಲ್ಲಿ ನಡೆದುಹೋಗಿದೆ.

ಹಡಗಿನ ವ್ಯಾಪಾರದಲ್ಲಿ ಆಂಗ್ಲರ ಏಕಸ್ವಾಮ್ಯವನ್ನು ಎದುರಿಸಿ ಹೆಸರಾಗಿದ್ದ ವಾಲಚಂದ ಹೀರಾಚಂದರಿಗೆ ೧೯೩೯ರಲ್ಲಿ, ಪೆಸಿಫಿಕ್ ಸಾಗರವನ್ನು ದಾಟುತ್ತಿದ್ದ ಕ್ಲಿಪ್ಪರ್ ವಿಮಾನದಲ್ಲಿ, ಚೀನಾ ದೇಶದಲ್ಲಿ ವಿಮಾನದ ಕಾರ್ಖಾನೆ ನಡೆಸುತ್ತಿದ್ದ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಪರಿಚಯವಾಯಿತು. ಭಾರತದಲ್ಲಿಯೂ ಅಂತಹುದೊಂದನ್ನು ಕಟ್ಟಬೇಕೆಂಬ ಅವರ ಹಂಬಲಕ್ಕೆ ನೆಲೆಯಿತ್ತದ್ದು ಮೈಸೂರು ಸಂಸ್ಥಾನ. ಶಿವನಸಮುದ್ರದ ವಿದ್ಯುಚ್ಛಕ್ತಿ, ಭದ್ರಾವತಿಯ ಉಕ್ಕು, ತಾತಾ ವಿಜ್ಞಾನಮಂದಿರದ ವಿದ್ವಾಂಸರು, ಸಮುದ್ರತೀರದ ದಾಳಿಗೆ ನಿಲುಕದಷ್ಟು ದೂರ, ಇವೆಲ್ಲವೂ ಬೆಂಗಳೂರಿಗೆ ಅನುಕೂಲವಾಗಿದ್ದುವು. ಕೈಗಾರಿಕೆಯನ್ನು ರಾಜಧರ್ಮದ ಒಂದು ಅಂಗವೆಂದೇ ಬಗೆದಿದ್ದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಉತ್ಸಾಹವೂ ಅದರೊಡನೆ ಸೇರಿತು. ೧೯೪೦ರ ಡಿಸೆಂಬರ್ ೨೩ರಂದು, ನಾಲ್ಕು ಕೋಟಿ ರೂಪಾಯಿಗಳ ಅಧಿಕೃತ ಬಂಡವಾಳದೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷ ಮಾರ್ಚಿಯಲ್ಲಿ ಭಾರತ ಸರ್ಕಾರವೂ ಪಾಲುದಾರನಾಗಿ ಸೇರಿ, ೭೫ ಲಕ್ಷ ರೂಪಾಯಿಗಳ ಸಂದಾಯ ಬಂಡವಾಳದಲ್ಲಿ ಮೂರರಲ್ಲೊಂದು ಭಾಗವನ್ನು ತಾನು ವಹಿಸಿಕೊಂಡಿತು. ಸಾರ್ವಜನಿಕ-ಖಾಸಗಿ ಸಹಭಾಗಿತ್ವವೆಂಬ ದೊಡ್ಡ ಮಾತು ಇನ್ನೂ ಬಳಕೆಗೆ ಬಾರದ ಆ ದಿನಗಳಲ್ಲಿ ಅದರ ಸಾರವೆಲ್ಲ ಆ ಒಪ್ಪಂದದಲ್ಲಿ ಅಡಕವಾಗಿತ್ತು.

ಸ್ಥಾಪಕರ ಸಂಕಲ್ಪವಿದ್ದುದು ವಿಮಾನಗಳನ್ನು ಕಟ್ಟುವುದರಲ್ಲಿ. ೧೯೪೧ರ ಆಗಸ್ಟಿನಲ್ಲಿ ಹಾರ್ಲೋ ತರಬೇತಿ ವಿಮಾನವೂ ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನವೂ ಇಲ್ಲಿಂದ ಹಾರಿದುವು. ಅಷ್ಟರಲ್ಲಿ ಜಪಾನು ಯುದ್ಧಕ್ಕಿಳಿದು, ಬರ್ಮಾ ಕೈತಪ್ಪಿ, ಹೊಸ ವಿಮಾನ ಕಟ್ಟುವುದಕ್ಕಿಂತ ಇದ್ದ ವಿಮಾನಗಳನ್ನು ಹಾರಾಟದಲ್ಲಿಡುವುದೇ ತುರ್ತಾಯಿತು. ೧೯೪೨ರಲ್ಲಿ ಸರ್ಕಾರ ವಾಲಚಂದರ ಪಾಲನ್ನು ಕೊಂಡುಕೊಂಡಿತು. ಮೈಸೂರು ಮಾತ್ರ ತನ್ನ ಪಾಲನ್ನು ಮಾರಲೊಪ್ಪದೆ, ಯುದ್ಧಕಾಲದ ಆಡಳಿತವನ್ನಷ್ಟೆ ಬಿಟ್ಟುಕೊಟ್ಟಿತು. ಆ ಹಟವನ್ನು ನಾನು ದೂರದೃಷ್ಟಿಯೆಂದೇ ಕರೆಯುತ್ತೇನೆ. ೧೯೪೩ರಲ್ಲಿ ಕಾರ್ಖಾನೆ ಅಮೆರಿಕನ್ ಸೈನ್ಯದ ವಾಯುಪಡೆಯ ಕೈಗೆ ಬಂದು ‘೮೪ನೆಯ ಏರ್ ಡಿಪೋ’ ಎಂದು ಹೆಸರಾಯಿತು.

ಇಲ್ಲಿಗೆ ಓವರ್‌ಹಾಲಿಗಾಗಿ ಮೊದಲು ಬಂದುದು ಕ್ಯಾಟಲೀನಾ ಎಂಬ ಜಲವಿಮಾನ. ಸಮುದ್ರದ ಮೇಲೆ ಗಸ್ತು ತಿರುಗಿ ಬಳಲಿದ ಈ ವಿಮಾನಗಳು ಬೆಳ್ಳಂದೂರಿನ ಕೆರೆಯ ನೀರಿನ ಮೇಲಿಳಿದು ದುರಸ್ತಿಗೆ ಬರುತ್ತಿದ್ದುವು. ಓವರ್‌ಹಾಲ್ ಎಂದರೆ ಕೆಟ್ಟ ಭಾಗವೊಂದನ್ನು ತೆಗೆದು ಮತ್ತೊಂದನ್ನು ಕೂಡಿಸುವಷ್ಟಕ್ಕೆ ಮುಗಿಯುವ ಕೆಲಸವೆಂದು ಓದುಗರು ಎಣಿಸಬಾರದು. ಹದಿನಾಲ್ಕು ಸಿಲಿಂಡರುಗಳನ್ನು ಎರಡು ಸಾಲಿನ ವರ್ತುಲದಲ್ಲಿ ಹೊಂದಿಸಿದ ಪ್ರಾಟ್ ಅಂಡ್ ವಿಟ್ನಿ ಎಂಜಿನನ್ನು ಕಡೆಯ ತಿರುಪಿನವರೆಗೂ ಬಿಚ್ಚಿ, ಬಿಚ್ಚಿದ ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಎಣ್ಣೆಯ ಜಿಡ್ಡು ಹೋಗುವಂತೆ ತೊಳೆದು, ಸವೆತವನ್ನು ಮೈಕ್ರೋಮೀಟರಿನಿಂದ ಅಳೆಯಬೇಕು. ಕಣ್ಣಿಗೆ ಕಾಣದ ಬಿರುಕನ್ನು ಹಿಡಿಯುವ ಉಪಾಯವಂತೂ ಬಹು ರಮ್ಯವಾದುದು: ಉಕ್ಕಿನ ದಂಡವನ್ನು ಅಯಸ್ಕಾಂತವಾಗಿಸಿ, ಕಬ್ಬಿಣದ ನುಣ್ಣನೆಯ ಪುಡಿ ಬೆರೆಸಿದ ದ್ರವವನ್ನು ಅದರ ಮೇಲೆ ಹರಿಸಿದರೆ, ಬಿರುಕಿದ್ದೆಡೆ ಪುಡಿಯೆಲ್ಲ ಓಡಿ ಬಂದು ಗೆರೆಯಾಗಿ ನಿಲ್ಲುತ್ತದೆ. ಅಂತಹ ಗೆರೆ ಕಂಡ ದಂಡವನ್ನು, ಹೊರನೋಟಕ್ಕೆ ಅದೆಷ್ಟೇ ಹೊಳೆಯುತ್ತಿರಲಿ, ತ್ಯಜಿಸಲೇಬೇಕು. ಇತ್ತ ಮೈತಗಡಿನ ಕೆಲಸದಲ್ಲಿ ಒಬ್ಬನು ಹೊರಗಿನಿಂದ ರಿವೆಟ್ ಹೊಡೆಯುತ್ತಿದ್ದರೆ, ಇನ್ನೊಬ್ಬನು ಒಡಲಿನ ಇಕ್ಕಟ್ಟಿನಲ್ಲಿ ಮುದುರಿ ಕುಳಿತು ಅದರ ಬಾಲಕ್ಕೆ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದಿರುತ್ತಾನೆ. ಒಬ್ಬರ ಮುಖವೊಬ್ಬರಿಗೆ ಕಾಣದ ಈ ಜೋಡಿಯ ಲಯ ತಪ್ಪಿದರೆ ರಿವೆಟ್ ಓರೆಯಾಗುತ್ತದೆ. ಎಲ್ಲ ಮುಗಿದ ಮೇಲೆ ಟೆಸ್ಟ್ ಬೆಡ್ಡಿನಲ್ಲಿ ಎಂಜಿನನ್ನು ಗಂಟೆಗಟ್ಟಲೆ ಓಡಿಸಿ, ಇನ್ಸ್‌ಪೆಕ್ಟರನು ತನ್ನ ಸಹಿ ಹಾಕುವವರೆಗೂ ಅದು ವಿಮಾನವನ್ನೇರುವಂತಿಲ್ಲ. ಯುದ್ಧ ಮುಗಿದು ಕಾರ್ಖಾನೆ ಭಾರತದ ಕೈಗೆ ಮರಳುವ ವೇಳೆಗೆ, ಪೂರ್ವದೇಶಗಳ ಅತಿ ದೊಡ್ಡ ದುರಸ್ತಿ ಕೇಂದ್ರಗಳಲ್ಲಿ ಅದೂ ಒಂದಾಗಿ ಬೆಳೆದಿತ್ತು.

ಈ ವಿದ್ಯೆಯ ಫಲ ಕಂಡುದು ಸ್ವಾತಂತ್ರ್ಯಾನಂತರ. ಯುದ್ಧ ಮುಗಿಸಿ ಹೊರಟ ಬ್ರಿಟಿಷರು ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ಬಾಂಬರುಗಳನ್ನು, ಇನ್ನಾರೂ ಬಳಸದಂತೆ ಕೆಡಿಸಿ, ಕಾನ್ಪುರದಲ್ಲಿ ಗುಜರಿಯ ಸ್ಥಿತಿಯಲ್ಲಿ ಬಿಟ್ಟುಹೋಗಿದ್ದರು. ಬಾಂಬರುಗಳೇ ಇಲ್ಲದಿದ್ದ ನಮ್ಮ ವಾಯುಪಡೆಗೆ ಇವನ್ನು ಎಬ್ಬಿಸಿಕೊಡುವ ಹೊಣೆ ಬೆಂಗಳೂರಿನ ಪಾಲಿಗೆ ಬಂದಿತು. ಹಾರಬಲ್ಲಷ್ಟು ಮಾತ್ರ ಅಲ್ಲಿಯೇ ಸರಿಪಡಿಸಿದ ಒಂದೊಂದು ವಿಮಾನವನ್ನೂ ಕಾರ್ಖಾನೆಯ ಪೈಲಟ್ ಜಮ್ಷೇದ್ ಮುನ್ಷಿಯವರು, ಮುಂದೇನಾದೀತೆಂಬ ಭರವಸೆಯಿಲ್ಲದೆಯೇ, ಬೆಂಗಳೂರಿನವರೆಗೆ ಹಾರಿಸಿ ತಂದರು. ಇಲ್ಲಿ ಅವುಗಳ ಪೂರ್ಣ ಪುನರ್ನಿರ್ಮಾಣ ನಡೆಯಿತು. ಹೀಗೆ ಬಂದವು ೪೦ಕ್ಕೂ ಮಿಕ್ಕಿ. ಡಕೋಟಾ ಎಂಬ ಸಾಗಣೆ ವಿಮಾನ, ಕ್ಯಾಟಲೀನಾ, ಲಿಬರೇಟರ್ ಮೂರರ ಎಂಜಿನೂ ಒಂದೇ ಕುಲದ್ದೆಂಬುದನ್ನು ನೆನೆದರೆ, ಅನ್ಯರ ಯುದ್ಧಕ್ಕಾಗಿ ಕಲಿತ ಕೈಚಳಕ ಸ್ವಂತ ದೇಶಕ್ಕೆ ಹೇಗೆ ಒದಗಿತೆಂಬುದು ತಿಳಿಯುತ್ತದೆ. ೧೯೪೮ರ ನವೆಂಬರಿನಲ್ಲಿ ಸೇವೆಗೆ ಸೇರಿದ ಲಿಬರೇಟರುಗಳು, ಕೊನೆಕೊನೆಗೆ ಸಮುದ್ರದ ಕಾವಲಿಗೆ ನಿಂತು, ೧೯೬೮ರವರೆಗೂ ಹಾರಿದುವು. ನಿವೃತ್ತಿಯ ನಂತರ ಇಂಗ್ಲೆಂಡು ಅಮೆರಿಕಗಳ ವಸ್ತುಸಂಗ್ರಹಾಲಯಗಳು ಅವನ್ನು ಕೇಳಿ ಪಡೆದುವೆಂಬುದು ನಮ್ಮ ಕಾರ್ಮಿಕರಿಗೆ ಸಂದ ಬಿರುದೆಂದು ನಾನು ಭಾವಿಸುತ್ತೇನೆ.

೧೯೬೪ರಲ್ಲಿ ಸಂಸ್ಥೆ ಇತರ ಘಟಕಗಳೊಡನೆ ಕೂಡಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಸೈನ್ಯದ ವಿಮಾನಗಳ ದುರಸ್ತಿ ಬಹುಮಟ್ಟಿಗೆ ಅದರ ಮತ್ತು ವಾಯುಪಡೆಯ ಸ್ವಂತ ಡಿಪೋಗಳ ಕೆಲಸವಾಗಿ ಉಳಿಯಿತು. ಖಾಸಗಿಯವರ ಬಾಗಿಲು ಮತ್ತೆ ತೆರೆದುದು ಇತ್ತೀಚೆಗೆ. ೨೦೨೦ರಲ್ಲಿ ದುರಸ್ತಿಸೇವೆಯ ಮೇಲಿನ ಜಿಎಸ್‌ಟಿ ಶೇಕಡ ೧೮ರಿಂದ ೫ಕ್ಕೆ ಇಳಿದುದು ಇದಕ್ಕೆ ಬಹಳ ನೆರವಾಯಿತು. ಬೆಂಗಳೂರಿಗೆ ನೆರೆಯ ಹೊಸೂರಿನಲ್ಲಿ, ೧೯೫೧ರಿಂದ ಈ ವೃತ್ತಿಯಲ್ಲಿರುವ ಏರ್ ವರ್ಕ್ಸ್ ಎಂಬ ಖಾಸಗಿ ಸಂಸ್ಥೆ, ಬೋಯಿಂಗ್ ಕಂಪನಿಯ ಸಹಯೋಗದಲ್ಲಿ, ನೌಕಾಪಡೆಯ ಪಿ-೮ಐ ಗಸ್ತು ವಿಮಾನಗಳನ್ನು ಬಿಚ್ಚಿ ಪರೀಕ್ಷಿಸುವ ಹಿರಿಯ ತಪಾಸಣೆಯನ್ನು ಕೈಗೊಂಡಿದೆ. ಕ್ಯಾಟಲೀನಾ, ಲಿಬರೇಟರ್, ಪಿ-೮ಐ, ಮೂರು ತಲೆಮಾರುಗಳ ಕಡಲಕಾವಲಿನ ವಿಮಾನಗಳೂ ಕಡಲೇ ಇಲ್ಲದ ಈ ಒಂದೇ ಸೀಮೆಗೆ ಬಂದು ಮೈ ಸರಿಪಡಿಸಿಕೊಂಡುದು ಆಕಸ್ಮಿಕವೆಂದು ನನಗೆ ತೋರದು. ಕೈ ನುರಿತವರು ಇದ್ದೆಡೆಗೆ ಕೆಲಸ ಹುಡುಕಿಕೊಂಡು ಬರುತ್ತದೆ. ಆದರೆ ಅಂತಹ ಕೈಗಳು ಒಂದೆರಡು ವಿಮಾನಗಳಿಗೆಂದು ಕರೆದು, ಅತ್ಯಲ್ಪ ಬೆಲೆ ಕೂಗಿದವನಿಗೆ ಕೊಟ್ಟು ಮುಗಿಸುವ ಗುತ್ತಿಗೆಯಿಂದ ತಯಾರಾಗುವುದಿಲ್ಲ. ಹತ್ತು ಹದಿನೈದು ವರ್ಷಗಳ ಕೆಲಸದ ಭರವಸೆಯಿದ್ದಲ್ಲದೆ ಯಾವ ಉದ್ಯಮಿಯೂ ಹ್ಯಾಂಗರು ಕಟ್ಟಲಾರ, ಐಟಿಐ ಮುಗಿಸಿ ಬಂದ ಹುಡುಗರನ್ನು ಸಂಬಳ ಕೊಟ್ಟು ಕಲಿಸಲಾರ. ಒಪ್ಪಂದದ ಪತ್ರದಲ್ಲಿ ಈ ದೀರ್ಘಾವಧಿಯನ್ನು ಬರೆಯಿಸುವುದು ಸರ್ಕಾರದ ಹೊಣೆ. ಸಹಿ ಹಾಕುವ ಇನ್ಸ್‌ಪೆಕ್ಟರನು ಲಾಭನಷ್ಟದ ಲೆಕ್ಕಕ್ಕೆ ಅಧೀನನಾಗದಂತೆ ನೋಡಿಕೊಳ್ಳುವ ಹೊಣೆ ಉದ್ಯಮಿಗೂ ಸರ್ಕಾರಕ್ಕೂ ಸಮವಾಗಿ ಸೇರಿದ್ದು.